ಮಗುವಿನೊಡನೆ ದೇಶಾಟನೆ: ಡರ್ವ್ಲಾ ಮರ್ಫಿಯ ಪ್ರವಾಸಗ್ರಂಥಗಳು

ದೇಶಾಟನೆಯಿಂದ ಬುದ್ಧಿ ಬೆಳೆಯುವುದೆಂದು ಹಿರಿಯರು ಹೇಳಿದ್ದುಂಟು. ಹಾಗೆ ಹೇಳಿದವರ ಕಣ್ಣೆದುರಿಗಿದ್ದವನು ಮಾತ್ರ ಒಬ್ಬಂಟಿಗನಾದ ಗಂಡಸು. ಸಂಸಾರದ ಭಾರವನ್ನು ಮನೆಯಲ್ಲಿಯೇ ಇಳಿಸಿ, ಬುತ್ತಿಯ ಗಂಟೊಂದನ್ನು ಹೆಗಲಿಗೇರಿಸಿ ಹೊರಟವನು. ಪ್ರವಾಸಗ್ರಂಥಗಳನ್ನು ಬರೆದವರೂ ಬಹುಮಟ್ಟಿಗೆ ಅಂಥವರೇ. ಮಗುವಿನ ಕೈಹಿಡಿದು ಹೊರಟವರು ಹೋಗುವುದು ತೀರ್ಥಕ್ಷೇತ್ರಕ್ಕೋ ನಂಟರ ಮನೆಗೋ ಹೊರತು, ಹಿಮ ಬಿದ್ದ ಸಿಂಧೂನದಿಯ ಕಮರಿಗಲ್ಲ, ಆಂಡೀಸ್ ಪರ್ವತದ ನೆತ್ತಿಗಲ್ಲ. ಐರ್ಲೆಂಡಿನ ಲೇಖಕಿ ಡರ್ವ್ಲಾ ಮರ್ಫಿ (1931–2022) ಹೋದದ್ದು ಅಲ್ಲಿಗೇ. ಮಗಳು ರೇಚಲಳನ್ನು ಕರೆದುಕೊಂಡೇ ಹೋದದ್ದು. ಈ ಯಾತ್ರೆಗಳಿಂದ ಹುಟ್ಟಿದ ಗ್ರಂಥಗಳನ್ನು ಸಾಹಸಕಥೆಗಳೆಂದು ಓದಿ ಬದಿಗಿಡುವುದು ಸುಲಭ. ಆದರೆ ಅವುಗಳ ಪ್ರತಿಪುಟದ ಹಿಂದೆಯೂ ಒಂದು ಪ್ರಶ್ನೆ ನಿಂತಿದೆ. ತನ್ನ ಪ್ರಾಣವನ್ನು ಪಣಕ್ಕೊಡ್ಡುವ ಸ್ವಾತಂತ್ರ್ಯ ಮನುಷ್ಯನಿಗೆ ಉಂಟು. ಮಗುವಿನ ಪ್ರಾಣವನ್ನು ಒಡ್ಡುವ ಅಧಿಕಾರ ತಾಯಿಗೆ ಎಲ್ಲಿಂದ ಬಂದಿತು?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ಪ್ರವಾಸಗ್ರಂಥಗಳಿಗಿಂತ ಮೊದಲು ಆಕೆಯ ಆತ್ಮಕಥೆಯಾದ ‘ವೀಲ್ಸ್ ವಿದಿನ್ ವೀಲ್ಸ್’ (1979) ಎಂಬುದನ್ನು ಓದತಕ್ಕದ್ದು. ಲಿಸ್ಮೋರ್ ಎಂಬ ಸಣ್ಣ ಊರು; ತಂದೆ ಆ ಪ್ರಾಂತದ ಗ್ರಂಥಭಂಡಾರಿ; ತಾಯಿ ಸಂಧಿವಾತದಿಂದ ಕೈಕಾಲು ಸ್ವಾಧೀನವಿಲ್ಲದೆ ಕುಳಿತಲ್ಲೇ ಕುಳಿತವಳು. ಹತ್ತನೆಯ ಹುಟ್ಟುಹಬ್ಬಕ್ಕೆ ಹುಡುಗಿಗೆ ಉಡುಗೊರೆಯಾಗಿ ದೊರೆತದ್ದು ಯಾರೋ ಬಳಸಿ ಬಿಟ್ಟ ಒಂದು ಬೈಸಿಕಲ್ಲು ಮತ್ತು ಒಂದು ಭೂಪಟದ ಪುಸ್ತಕ. ಕೆಲವು ದಿನಗಳಲ್ಲಿಯೇ ಊರ ಬಳಿಯ ದಿಬ್ಬವನ್ನು ತುಳಿದೇರುತ್ತ ತನ್ನ ಕಾಲುಗಳನ್ನು ತಾನೇ ನೋಡಿಕೊಂಡ ಆ ಹುಡುಗಿಗೆ, ಇವು ಹೀಗೆಯೇ ಸುತ್ತುತ್ತಿದ್ದರೆ ಎಂದಾದರೂ ಇಂಡಿಯಾ ದೇಶವನ್ನು ಮುಟ್ಟಬಹುದೆಂದು ಹೊಳೆಯಿತು. ಆದರೆ ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟಿತು. ತಾಯಿಯ ಶುಶ್ರೂಷೆ ಹೆಗಲಿಗೆ ಬಿತ್ತು. ನಡುನಡುವೆ ಒಂದೆರಡು ವಾರ ಬಿಡುವು ಮಾಡಿಕೊಂಡು ಬೈಸಿಕಲ್ಲಿನಲ್ಲಿ ಪರದೇಶಗಳನ್ನು ಸುತ್ತಿ ಬಾ ಎಂದು ಹುರಿದುಂಬಿಸಿದವಳು, ಕುರ್ಚಿಬಿಟ್ಟು ಏಳಲಾರದ ಆ ತಾಯಿಯೇ. 1962ರಲ್ಲಿ ಆಕೆ ತೀರಿಕೊಂಡಳು. ಮರುವರ್ಷದ ಜನವರಿಯಲ್ಲಿ ಮಗಳು ಇಂಡಿಯಾಕ್ಕೆ ಹೊರಟಳು.

ಆ ಯಾತ್ರೆಯ ಕಥನ ‘ಫುಲ್ ಟಿಲ್ಟ್’ (1965). ಬೈಸಿಕಲ್ಲಿಗೆ ಆಕೆ ಇಟ್ಟ ಹೆಸರು ರೋಜ್. ಸರ್ವಾಂಟಿಸನ ವೀರ ಡಾನ್ ಕ್ವಿಕ್ಸೋಟನ ಬಡಕಲು ಕುದುರೆ ರೊಸಿನಾಂಟೆಯ ಮುದ್ದು ಹೆಸರದು. ಯೂರೋಪು ಕಂಡ ಅತಿ ಕಠಿಣವಾದ ಚಳಿಗಾಲಗಳಲ್ಲೊಂದರಲ್ಲಿ ಹೊರಟು, ಯುಗೋಸ್ಲಾವಿಯದಲ್ಲಿ ತೋಳಗಳ ಮೇಲೆ ಪಿಸ್ತೂಲು ಹಾರಿಸಿ, ತುರ್ಕಿ, ಪರ್ಷಿಯ, ಆಫ್ಘಾನಿಸ್ಥಾನಗಳನ್ನು ದಾಟಿ, ಜುಲೈ ತಿಂಗಳ ಬಿಸಿಲಿನಲ್ಲಿ ದೆಹಲಿಯನ್ನು ಸೇರಿದ ಕಥೆ. ಗ್ರಂಥದ ಲಯವೂ ಬೈಸಿಕಲ್ಲಿನ ಲಯವೇ: ಏರಿನಲ್ಲಿ ಏದುಸಿರು, ಇಳಿಜಾರಿನಲ್ಲಿ ಹರ್ಷ. ಅಪಾಯ ಬಂದರೆ ಅದೊಂದು ವಿನೋದ. ಹಸಿವೆಯಾದರೆ ಅದೂ ವಿನೋದ. ಯಾರಿಗೂ ಉತ್ತರ ಹೇಳಬೇಕಾಗಿಲ್ಲದ ಮನಸ್ಸಿನ ಹಗುರತನ ಇಲ್ಲಿನ ಸೊಗಸು. ಅದೇ ಇಲ್ಲಿನ ಕೊರತೆಯೂ ಹೌದು. ಊರುಗಳು ಬರುತ್ತವೆ, ಹೋಗುತ್ತವೆ. ಮುಖಗಳು ಕಾಣುತ್ತವೆ, ಮರೆಯಾಗುತ್ತವೆ. ಆಫ್ಘಾನರ ಆತಿಥ್ಯವನ್ನು ಮನಸಾರೆ ಕೊಂಡಾಡುವ ಪುಟಗಳನ್ನು ಬಿಟ್ಟರೆ, ಓದುಗನ ನೆನಪಿನಲ್ಲಿ ಉಳಿಯುವವಳು ಸವಾರಳೊಬ್ಬಳೇ.

1968ರಲ್ಲಿ ರೇಚಲ್ ಹುಟ್ಟಿದಳು. ವಿವಾಹವಾಗದೆ ಮಗುವನ್ನು ಹೆತ್ತು ಒಬ್ಬಳೇ ಸಾಕುವುದು ಅಂದಿನ ಐರ್ಲೆಂಡಿನಲ್ಲಿ ತೋಳಗಳನ್ನು ಎದುರಿಸುವುದಕ್ಕಿಂತ ಸುಲಭವಾಗಿರಲಿಲ್ಲ. ಐದು ವರ್ಷ ದೂರದ ಯಾತ್ರೆ ನಿಂತಿತು. 1973ರ ನವೆಂಬರಿನಲ್ಲಿ ತಾಯಿ ಮಗಳು ಬೊಂಬಾಯಿಯಲ್ಲಿ ಇಳಿದರು. ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ಪಡೆದದ್ದು ಅದೇ ತಿಂಗಳು. ಇಲ್ಲಿಂದ ಹುಟ್ಟಿದ ‘ಆನ್ ಎ ಷೂಸ್ಟ್ರಿಂಗ್ ಟು ಕೂರ್ಗ್’ (1976) ಕನ್ನಡ ವಾಚಕರಿಗೆ ಮನೆಯ ಮಾತೇ ಸರಿ. ಕೈಯಲ್ಲಿ ಹಣ ಕಡಮೆ. ಕಿಕ್ಕಿರಿದ ಬಸ್ಸು, ದೋಣಿ, ಕಾಲ್ನಡಿಗೆ. ಇಳಿದುಕೊಳ್ಳಲು ಬೆಸ್ತರ ಗುಡಿಸಲೋ ಬಡ ಹೋಟೆಲೋ. ಹೀಗೆ ಕನ್ಯಾಕುಮಾರಿಯವರೆಗೆ ಹೋದವರು ಮುಂದಕ್ಕೆ ಸಾಗದೆ, ಬಂದ ದಾರಿಯಲ್ಲಿ ಮನಸ್ಸಿಗೆ ಹಿಡಿಸಿದ್ದ ಕೊಡಗಿಗೆ ಹಿಂದಿರುಗಿ, ಎರಡು ತಿಂಗಳು ಅಲ್ಲಿಯೇ ಸಂಸಾರ ಹೂಡಿದರು. ಬೈಸಿಕಲ್ಲಿನ ಮೇಲಿದ್ದವಳು ಹೀಗೆ ಹಿಂದಿರುಗುತ್ತಿದ್ದಳೆಂದು ನಂಬುವುದು ಕಷ್ಟ. ಐದು ವರ್ಷದ ಕಾಲುಗಳಿಗೆ ದೂರವಿಲ್ಲ, ಜಾಗವುಂಟು. ಮಗುವಿನ ಈ ನಿಧಾನ ಗ್ರಂಥದ ಶೈಲಿಗೂ ಇಳಿಯಿತು. ಅಂಗಳ, ಅಡಿಗೆಮನೆ, ನೀರು ತರುವ ದಾರಿ ಮೊದಲಾದ ಸಣ್ಣ ಸಂಗತಿಗಳು ಮೊದಲ ಬಾರಿಗೆ ಮರ್ಫಿಯ ಬರವಣಿಗೆಯಲ್ಲಿ ತಳವೂರಿದುವು. ಒಂದು ದೋಷವನ್ನು ಮುಚ್ಚಿಡಬಾರದು. ಕೊಡಗಿನ ಮೇಲಣ ಮೋಹ ಎಷ್ಟು ಬಲವಾದದ್ದೆಂದರೆ ದಕ್ಷಿಣದ ಉಳಿದ ಸೀಮೆಗಳು ಅದರ ಪಕ್ಕದಲ್ಲಿ ಮಂಕಾಗಿ ನಿಲ್ಲುತ್ತವೆ. ಕೊಡವರ ಗುಣವನ್ನು ಎತ್ತಿಹಿಡಿಯುವ ಉತ್ಸಾಹದಲ್ಲಿ ಇತರರಿಗೆ ನ್ಯಾಯ ತಪ್ಪುತ್ತದೆ. ಅತಿಥಿಯ ಪ್ರೀತಿ ಸಾಕ್ಷಿಯ ತೀರ್ಪಲ್ಲ.

ಮರುವರ್ಷದ ಚಳಿಗಾಲದಲ್ಲಿ ಆರು ವರ್ಷದ ಮಗಳು, ಪೋಲೋ ಆಟದಿಂದ ನಿವೃತ್ತವಾದ ಹ್ಯಾಲಮ್ ಎಂಬ ಕುದುರೆ, ಇವರೊಡನೆ ಬಾಲ್ಟಿಸ್ಥಾನದ ಯಾತ್ರೆ. ಗ್ರಂಥ ‘ವೇರ್ ದಿ ಇಂಡಸ್ ಈಸ್ ಯಂಗ್’ (1977). ಕಾರಕೋರಂ ಪರ್ವತಗಳ ನಡುವೆ ಸಿಂಧೂನದಿ ಕೊರೆದ ಕಮರಿಯ ಅಂಚಿನಲ್ಲಿ, ಹೆಜ್ಜೆ ತಪ್ಪಿದರೆ ಮರಳಿ ಎಣಿಸಲಾಗದ ದಾರಿ. ಊಟಕ್ಕೆ ಒಣಗಿದ ಜರ್ದಾಳು. ನಿಜವಾದ ಆಕ್ಷೇಪಣೆ ಏಳುವುದು ಈ ಗ್ರಂಥವನ್ನು ಓದುವಾಗ. ಸಂಸಾರಸ್ಥನಾದ ಯಾವ ಓದುಗನೂ ಇಲ್ಲಿ ಒಮ್ಮೆಯಾದರೂ ಪುಸ್ತಕವನ್ನು ಮಡಿಸಿ, ಪಕ್ಕದಲ್ಲಿ ಮಲಗಿರುವ ತನ್ನ ಮಗುವಿನ ಮುಖವನ್ನು ನೋಡದೆ ಇರಲಾರನು. ಮರ್ಫಿಗೆ ತನ್ನದೇ ಆದ ಸಮಾಧಾನವುಂಟು: ಮಗುವಿನೊಡನೆ ಬಂದವಳು ಅಲ್ಲಿಯ ಜನರ ಸದ್ಭಾವದಲ್ಲಿ ನಂಬಿಕೆಯಿಟ್ಟು ಬಂದವಳೆಂಬುದು ಯಾರಿಗೂ ಹೇಳದೆಯೇ ತಿಳಿಯುತ್ತದೆ, ಆದುದರಿಂದ ಬಾಗಿಲುಗಳು ತೆರೆಯುತ್ತವೆ ಎಂಬುದು ಆಕೆಯ ಮತ. ಮನುಷ್ಯರ ವಿಷಯದಲ್ಲಿ ಇದು ಒಪ್ಪತಕ್ಕ ಮಾತೇ. ಆದರೆ ಹಿಮಕ್ಕೂ ಕಮರಿಗೂ ಸದ್ಭಾವವಿಲ್ಲ. ಮಗುವಿನ ಸಹನೆಯನ್ನು ವರ್ಣಿಸುವಾಗ ತಾಯಿಯ ಲೇಖನಿಯಲ್ಲಿ ತುಸು ಹೆಮ್ಮೆ ಇಣುಕುವುದೂ ಉಂಟು. ಮಗು ಅಳಲಿಲ್ಲವೆಂದರೆ ಒಪ್ಪಿತೆಂದು ಅರ್ಥವಲ್ಲ.

ಈ ಆಕ್ಷೇಪಣೆಗೆ ಉತ್ತರವೆನ್ನಬಹುದಾದುದು ದೊರೆಯುವುದು ‘ಏಟ್ ಫೀಟ್ ಇನ್ ದಿ ಆಂಡೀಸ್’ (1983) ಎಂಬ ಗ್ರಂಥದಲ್ಲಿ, ಅದೂ ವಾದದಿಂದಲ್ಲ. ತಾಯಿಯ ಎರಡು, ಮಗಳ ಎರಡು, ಹ್ವಾನಾ ಎಂಬ ಹೇಸರಗತ್ತೆಯ ನಾಲ್ಕು, ಒಟ್ಟು ಎಂಟು ಪಾದಗಳು. 1978ರಲ್ಲಿ, ಮಗಳಿಗೆ ಒಂಬತ್ತು ವರ್ಷ ತುಂಬಿದ್ದಾಗ, ಪೆರು ದೇಶದ ಕಹಮಾರ್ಕದಿಂದ ಕುಸ್ಕೊವರೆಗೆ ಸುಮಾರು 1,300 ಮೈಲಿ ನಡೆದ ಕಥೆಯಿದು. 1533ರಲ್ಲಿ ಇಂಕಾ ದೊರೆ ಅತಾವಾಲ್ಪನನ್ನು ಕಹಮಾರ್ಕದಲ್ಲಿ ಕೊಲ್ಲಿಸಿ, ಪಿಸಾರೋ ತನ್ನ ಸ್ಪ್ಯಾನಿಷ್ ದಂಡಿನೊಡನೆ ರಾಜಧಾನಿಗೆ ನುಗ್ಗಿದ ದಾರಿಯೇ ಹೆಚ್ಚುಕಡಮೆ ಇದು. ಹನ್ನೆರಡು ಸಾವಿರ ಅಡಿಗೂ ಮೇಲಾದ ಘಟ್ಟಗಳು. ಊರು ಸಿಕ್ಕದ ರಾತ್ರಿ ಬಯಲಿನಲ್ಲಿ ಡೇರೆ. ದಿನಚರಿಯ ರೂಪದಲ್ಲಿರುವ ಈ ಗ್ರಂಥದಲ್ಲಿ ಪ್ರತಿಸಂಜೆಯೂ ಬರುವ ಚಿಂತೆ ಒಂದೇ: ಹ್ವಾನಾಳಿಗೆ ಮೇವು ಎಲ್ಲಿ? ಮೊದಲಿಗೆ ಇದು ಬೇಸರ ತರುತ್ತದೆ. ಹುಲ್ಲಿನ ಲೆಕ್ಕವನ್ನು ಇಷ್ಟು ಸಲ ಕೇಳಬೇಕೇ ಎನ್ನಿಸುತ್ತದೆ. ನೂರು ಪುಟ ಕಳೆದ ಮೇಲೆ ಇದೇ ಗ್ರಂಥದ ಜೀವನಾಡಿಯೆಂದು ತಿಳಿಯುತ್ತದೆ. ಮೇವನ್ನು ಬೇಡಲು ಬಡ ರೈತರ ಬಾಗಿಲಿಗೆ ಹೋಗಲೇಬೇಕು. ಅವರಿಗೇ ಇಲ್ಲದ ಕಡೆ ಕೇಳಬೇಕಾಗಿ ಬರುವ ಸಂಕೋಚದಲ್ಲಿ ಆ ದೇಶದ ಬಡತನ, ಯಾವ ಅಂಕಿಸಂಖ್ಯೆಯೂ ಹೇಳಲಾರದಷ್ಟು ಸ್ಪಷ್ಟವಾಗಿ ಮೂಡುತ್ತದೆ.

ಮಗಳು ಇಲ್ಲಿ ಸಾಮಾನಿನ ಮೇಲೆ ಕೂರಿಸಿದ ಮಗುವಲ್ಲ. ಕೆಲವೆಡೆ ಸವಾರಿ, ಕೆಲವೆಡೆ ನಡಿಗೆ. ತಾಯಿಯ ಮಾತಿಗೆ ಎದುರುಮಾತು, ತಾಯಿಯ ಅಜಾಗರೂಕತೆಗೆ ಹಾಸ್ಯ. ತಾಯಿಗೆ ರಮಣೀಯವಾಗಿ ಕಂಡದ್ದು ಮಗಳಿಗೆ ಹಾಗೆಯೇ ಕಾಣಬೇಕೆಂಬ ನಿಯಮವಿಲ್ಲ, ಮರ್ಫಿ ಅದನ್ನು ಅಡಗಿಸುವುದೂ ಇಲ್ಲ. ಬಾಲ್ಟಿಸ್ಥಾನದಲ್ಲಿ ಜೊತೆಗೆ ಬಂದವಳು ಪೆರುವಿನಲ್ಲಿ ಜೊತೆಗಾತಿಯಾಗಿದ್ದಾಳೆ. ಆತ್ಮಕಥೆಯನ್ನು ನೆನೆದರೆ ಇದರ ಬೇರು ಕಾಣುತ್ತದೆ. ಹದಿನಾಲ್ಕು ವರ್ಷಕ್ಕೆ ದೊಡ್ಡವರ ಹೊಣೆಯನ್ನು ಹೊತ್ತವಳಿಗೆ ಮಕ್ಕಳನ್ನು ಮಕ್ಕಳೆಂದು ಕಾಣುವ ಅಭ್ಯಾಸವೇ ಇರಲಿಲ್ಲ. ಮಗಳನ್ನು ಸಮಾನಳೆಂದು ನಡೆಸಿಕೊಂಡ ಗೌರವವೂ ಅಲ್ಲಿಂದಲೇ ಬಂದದ್ದು, ಸಮಾನಳಂತೆ ದಣಿಸಿದ ಕಾಠಿಣ್ಯವೂ ಅಲ್ಲಿಂದಲೇ ಬಂದದ್ದು. ಕುರ್ಚಿಯಲ್ಲಿ ಕುಳಿತ ತಾಯಿಯೊಬ್ಬಳು ಮಗಳನ್ನು ಹೋಗಿ ಬಾ ಎಂದು ಕಳುಹಿಸಿದಳು. ಆ ಮಗಳು ತಾನು ತಾಯಿಯಾದ ಮೇಲೆ ಕಳುಹಿಸಲಿಲ್ಲ, ಬಾ ಎಂದು ಕರೆದುಕೊಂಡು ಹೋದಳು. ಇವೆರಡರಲ್ಲಿ ಯಾವುದು ಹೆಚ್ಚಿನ ವಾತ್ಸಲ್ಯವೆಂದು ತೂಗುವುದು ಸುಲಭವಲ್ಲ. ರೇಚಲಳ ಮಾತು ನಮ್ಮ ಕೈಗೆ ಬರುವುದು ಬಹುಮಟ್ಟಿಗೆ ತಾಯಿಯ ಲೇಖನಿಯ ಮೂಲಕವೇ ಎಂಬುದನ್ನೂ ತಕ್ಕಡಿಯಲ್ಲಿ ಇಡಬೇಕು. ಮಗಳ ನೋವಿನಲ್ಲಿ ಎಷ್ಟು ಪಾಲು ಅಚ್ಚಿಗೆ ಬಂದಿತು, ಎಷ್ಟು ಪರ್ವತದಲ್ಲೇ ಉಳಿಯಿತು, ಯಾರು ಹೇಳಬಲ್ಲರು?

ಗುಣದೋಷಗಳ ಉಳಿದ ಲೆಕ್ಕವನ್ನು ಬೇಗ ಮುಗಿಸಬಹುದು. ಮೋಟಾರು ರಸ್ತೆ, ಪ್ರವಾಸಿಗಳ ದಂಡು, ಬಂಡವಾಳಗಾರರು ಇವರ ಮೇಲೆ ಮರ್ಫಿಗೆ ಇರುವ ಕೋಪ ನ್ಯಾಯವಾದದ್ದೇ ಆದರೂ, ಅದು ಹೊರಟಾಗಲೆಲ್ಲ ದಾರಿ ಮರೆತುಹೋಗುತ್ತದೆ. ವಾಕ್ಯಗಳಲ್ಲಿ ಅಲಂಕಾರವಿಲ್ಲ, ನಡೆದು ದಣಿದವಳು ರಾತ್ರಿ ಬರೆದಂತಿರುವ ಆ ಒರಟುತನವೇ ನಂಬಿಕೆ ಹುಟ್ಟಿಸುತ್ತದೆ.

ಮುಂದೆ ಕ್ಯಾಮರೂನಿನ ಯಾತ್ರೆಯ ಹೊತ್ತಿಗೆ ರೇಚಲ್ ಪ್ರಾಪ್ತವಯಸ್ಕಳು; ಅಲ್ಲಿಯ ಹಳ್ಳಿಗರು ಎತ್ತರದ, ಗಡುಸಾದ ಮರ್ಫಿಯನ್ನು ಗಂಡಸೆಂದು ಬಗೆದು ಮಗಳ ಗಂಡನೆಂದೇ ತಿಳಿದ ಪ್ರಸಂಗಗಳು ನಗೆಯ ಬುಗ್ಗೆಗಳು. ಇನ್ನೂ ಮುಂದೆ, ಕ್ಯೂಬಾ ದೇಶವನ್ನು ಕುರಿತ ‘ದಿ ಐಲೆಂಡ್ ದಟ್ ಡೇರ್ಡ್’ (2008) ಗ್ರಂಥದಲ್ಲಿ ಅಜ್ಜಿಯ ಜೊತೆಗೆ ಮೂವರು ಮೊಮ್ಮಕ್ಕಳಿದ್ದಾರೆ. ಆ ಮಕ್ಕಳ ತಾಯಿಯಾಗಿ ಅಲ್ಲಿರುವವಳು ರೇಚಲ್.