ಮಾರುಕಟ್ಟೆಗೆ ಅಂಜಿದ ನಾಲಗೆ

ವಾಚಕರೇ, ಯಲಹಂಕದಿಂದ ಹೆಬ್ಬಾಳದತ್ತ ಹೋಗುವ ಬಸ್ಸಿನಲ್ಲಿ ಕುಳಿತ ತರುಣರನ್ನು ತಾವು ನೋಡಿರಬಹುದು. ಅವರಲ್ಲಿ ಹಲವರ ದೃಷ್ಟಿ ಮೊಬೈಲಿನ ಆಟದಲ್ಲಿ ನೆಟ್ಟಿರುತ್ತದೆ. ಹಿರಿಯರು ಅದನ್ನು ಕಾಲಹರಣವೆಂದು ಗದರಿ ಸುಮ್ಮನಾಗುತ್ತಾರೆ. ಆದರೆ ಇಂಥ ಆಟಗಳ ಹಿಂದಿರುವ ವ್ಯಾಪಾರವು ಮನುಷ್ಯನ ಮಾತಿನ ಮೇಲೆ ಎಂತಹ ಅಂಕುಶವನ್ನು ಇರಿಸಿದೆಯೆಂಬುದು ಕಾಲಹರಣಕ್ಕಿಂತ ಗಂಭೀರವಾದ ವಿಚಾರ.

2019ರ ಅಕ್ಟೋಬರಿನ ಒಂದು ಪ್ರಸಂಗವನ್ನು ವಿಮರ್ಶೆಗೆ ಎತ್ತಿಕೊಳ್ಳೋಣ. 'ಹಾರ್ತ್‌ಸ್ಟೋನ್' ಎಂಬುದು ಅಮೆರಿಕದ ಬ್ಲಿಜರ್ಡ್ ಕಂಪನಿಯು ರೂಪಿಸಿದ, ಕಂಪ್ಯೂಟರಿನಲ್ಲಿ ಎಲೆಗಳಿಂದ ಆಡುವ ಆಟ. ಅದರ ಪಂದ್ಯವೊಂದರ ನಂತರದ ಸಂದರ್ಶನದಲ್ಲಿ ಹಾಂಗ್‌ಕಾಂಗಿನ ಆಟಗಾರ ಬ್ಲಿಟ್ಸ್‌ಚುಂಗ್ ಮುಖವಾಡ ಧರಿಸಿ, ತನ್ನ ನಗರದ ವಿಮೋಚನೆಯ ಘೋಷಣೆಯನ್ನು ಕೂಗಿದನು. ಕಂಪನಿಯು ಆತನನ್ನು ಒಂದು ವರ್ಷ ಪಂದ್ಯಗಳಿಂದ ಹೊರಗಿಟ್ಟು, ಬಹುಮಾನದ ಹಣವನ್ನೂ ತಡೆಹಿಡಿಯಿತು; ಸಂದರ್ಶನ ನಡೆಸಿದ ಇಬ್ಬರು ವಿವರಣೆಕಾರರನ್ನು ಕೈಬಿಟ್ಟಿತು. ಲೋಕದ ಆಕ್ರೋಶವೆದ್ದ ಮೇಲೆ ಹಣವನ್ನು ಹಿಂದಿರುಗಿಸಿ, ಶಿಕ್ಷೆಯನ್ನು ಆರು ತಿಂಗಳಿಗೆ ಇಳಿಸಿತು. ಚೀನಾದೊಡನಿದ್ದ ಸಂಬಂಧವು ಈ ತೀರ್ಮಾನಕ್ಕೆ ಕಾರಣವಲ್ಲವೆಂದು ಅದರ ಆಗಿನ ಅಧ್ಯಕ್ಷ ಅಲೆನ್ ಬ್ರಾಕ್ ಹೇಳಿದರು. ಆದರೆ ಆಗ ಮಾತೃಸಂಸ್ಥೆಯಲ್ಲಿ ಶೇಕಡ 5ರಷ್ಟು ಪಾಲು ಚೀನಾದ ಟೆನ್ಸೆಂಟಿನದು. ಅಲ್ಲಿ ಅದರ ಆಟಗಳನ್ನು ನಡೆಸುತ್ತಿದ್ದುದು ಅಲ್ಲಿಯದೇ ನೆಟ್‌ಈಸ್ ಕಂಪನಿ.

ಆಟದ ವೇದಿಕೆ ಆಟಕ್ಕೇ ಮೀಸಲೆಂಬ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಮದುವೆಯ ಚಪ್ಪರದಲ್ಲಿ ಚುನಾವಣಾ ಭಾಷಣ ಯಾರಿಗೆ ಬೇಕು? ಆದರೆ ಶಿಕ್ಷೆಗೆ ಆಧಾರವಾದ ನಿಯಮದ ತಾತ್ಪರ್ಯವನ್ನು ಪರಿಶೀಲಿಸಿರಿ: ಜನರಲ್ಲಿ ಒಂದು ವರ್ಗಕ್ಕಾದರೂ ನೋವುಂಟುಮಾಡುವ, ಇಲ್ಲವೆ ಕಂಪನಿಯ ಹೆಸರಿಗೆ ಕುಂದು ತರುವ ಕೃತ್ಯ ಅಪರಾಧ, ಹಾಗೆಂದು ನಿರ್ಣಯಿಸುವ ಅಧಿಕಾರ ಕಂಪನಿಯೊಂದರದೇ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅತಿವ್ಯಾಪ್ತಿ ದೋಷವೆನ್ನುತ್ತಾರೆ. ಕೊಂಬುಳ್ಳದ್ದೆಲ್ಲ ಹಸುವೆಂದರೆ ಎಮ್ಮೆಯೂ ಹಸುವಾಗುವಂತೆ, ಯಾರಿಗಾದರೂ ನೋವಾದುದೆಲ್ಲ ಅಪರಾಧವೆಂದರೆ ಸತ್ಯವಾಕ್ಯವೂ ಅಪರಾಧವಾಗುತ್ತದೆ. ಆಗ ಯಾರ ನೋವು ಲೆಕ್ಕಕ್ಕೆ ಬರುತ್ತದೆ? ಹಣದ ಚೀಲ ಯಾರ ಕೈಯಲ್ಲಿದೆಯೋ ಅವರದು.

ಇದೊಂದೇ ನಿದರ್ಶನವಲ್ಲ. ತೈವಾನಿನ ಸಣ್ಣ ಸಂಸ್ಥೆಯೊಂದರ 'ಡಿವೋಶನ್' ಎಂಬ ಆಟದಲ್ಲಿ ಚೀನಾದ ಅಧ್ಯಕ್ಷರನ್ನು ಅಣಕಿಸುವ ಚಿತ್ರವೊಂದು ಅಡಗಿದ್ದುದು 2019ರ ಫೆಬ್ರವರಿಯಲ್ಲಿ ಬೆಳಕಿಗೆ ಬಂತು. ಸಂಸ್ಥೆಯು ಕ್ಷಮೆ ಬೇಡಿತು. ಆಟವು ಮಾರಾಟದಿಂದ ಮರೆಯಾಯಿತು. 2020ರ ಡಿಸೆಂಬರಿನಲ್ಲಿ ಅದನ್ನು ಮಾರುವೆವೆಂದು ಘೋಷಿಸಿದ ಪೋಲೆಂಡಿನ ಮಳಿಗೆಯೊಂದು, ಆಟಗಾರರ ಸಂದೇಶಗಳು ಬಂದವೆಂದು ಹೇಳಿ, ಅದೇ ದಿನ ಮಾತು ಹಿಂತೆಗೆದುಕೊಂಡಿತು.

ಇಷ್ಟನ್ನು ಓದಿ ಪರದೇಶದ ವ್ಯಾಪಾರಿಗಳ ಮೇಲೆ ಕೋಪಗೊಳ್ಳುವುದು ಸುಲಭ. ಆದರೆ ಎಲ್ಲರ ಮನೆಯ ದೋಸೆಯೂ ತೂತೇ ಅಲ್ಲವೆ? 2017ರಲ್ಲಿ 'ಬಾಹುಬಲಿ 2' ಚಿತ್ರ ಕರ್ನಾಟಕದಲ್ಲಿ ತೆರೆಕಾಣಬೇಕಾದರೆ ನಟ ಸತ್ಯರಾಜ್ ಕ್ಷಮೆ ಕೇಳಲೇಬೇಕೆಂದು ಕನ್ನಡ ಸಂಘಟನೆಗಳು ಪಟ್ಟು ಹಿಡಿದವು. ಕಾವೇರಿ ವಿವಾದದಲ್ಲಿ ಸುಮಾರು ಒಂಬತ್ತು ವರ್ಷ ಹಿಂದೆ ಅವರು ಆಡಿದ ಕಟು ಮಾತು ಅದಕ್ಕೆ ಕಾರಣ. ಆ ಮಾತು ನಮಗೆ ನೋವು ತಂದುದು ನಿಜ. ಏಪ್ರಿಲ್ 21ರಂದು ಅವರು ವಿಷಾದ ವ್ಯಕ್ತಪಡಿಸಿದರು. 28ರಂದು ಚಿತ್ರ ಬಿಡುಗಡೆಯಾಯಿತು. ತಮ್ಮಿಂದ ಇತರರ ದುಡಿಮೆ ಹಾಳಾಗಬಾರದೆಂದರಲ್ಲದೆ, ತಮಿಳರ ಪರವಾದ ಮಾತು ನಿಲ್ಲಿಸುವುದಿಲ್ಲವೆಂದೂ ಅವರು ಸ್ಪಷ್ಟಪಡಿಸಿದರು. ಹಾಗಾದರೆ ನಾವು ಗೆದ್ದುದೇನು? ಮನಸ್ಸು ತಿರುಗಲಿಲ್ಲ, ಟಿಕೆಟ್ಟು ತಿರುಗಿತು. ಅಂದು ಮಾರುಕಟ್ಟೆ ನಾವೇ ಆಗಿದ್ದೆವು!

ಹಾಂಗ್‌ಕಾಂಗಿನ ಹುಡುಗನದು ಆಳುವವರ ವಿರುದ್ಧ ಎತ್ತಿದ ದನಿ, ನಟನದು ನೆರೆಯವರನ್ನು ಕುರಿತ ಮಾತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಬಾಯಿಗೆ ಬಿದ್ದ ಬೀಗ ಒಂದೇ ಕಮ್ಮಟದ್ದು. ಮಾತಿಗೆ ಮಾತೇ ಮದ್ದು. ತಪ್ಪು ಮಾತನ್ನು ವಿಚಾರದಿಂದ ಖಂಡಿಸಿದರೆ ಆಡಿದವನೂ ಕೇಳಿದವನೂ ಬೆಳೆಯುತ್ತಾರೆ. ಗಿರಾಕಿಯ ಬಲದಿಂದ ಬಾಯಿ ಮುಚ್ಚಿಸಿದರೆ, ನಾಳೆ ನಮಗಿಂತ ದೊಡ್ಡ ಗಿರಾಕಿ ಬಂದು ನಮ್ಮ ಬಾಯನ್ನೂ ಮುಚ್ಚಿಸಿಯಾನು. ಆ ದಿನ ನ್ಯಾಯ ಕೇಳುವ ಹಕ್ಕನ್ನು ಉಳಿಸಿಕೊಳ್ಳಬೇಕಾದರೆ, ಇಂದು ನಮಗೆ ಹಿತವಲ್ಲದ ಮಾತನ್ನು ಕೇಳುವ ತಾಳ್ಮೆಯನ್ನು ನಾವು ಗಳಿಸಬೇಕು. ಬಸ್ಸಿನಲ್ಲಿ ಕುಳಿತ ಆ ತರುಣರಿಗೆ ನಾವು ಕಲಿಸಬೇಕಾದುದೂ ಇದನ್ನೇ.