ಇಬ್ಬರು 'ಸಿಸ್ಟರ್', ಒಬ್ಬಳೇ ಹೆಣ್ಣು

ನಮ್ಮಲ್ಲಿ ಆಸ್ಪತ್ರೆಯ ದಾದಿಯೂ 'ಸಿಸ್ಟರ್', ಕಾನ್ವೆಂಟಿನ ಸನ್ಯಾಸಿನಿಯೂ 'ಸಿಸ್ಟರ್'. ಈ ಇಬ್ಬರೂ ಒಬ್ಬಳೇ ಹೆಣ್ಣಿನಲ್ಲಿದ್ದು, ಒಬ್ಬರಿಗೊಬ್ಬರು ಹೊಂದದೆ ಹೋದರೆ? ಕ್ಯಾಥರಿನ್ ಹಲ್ಮ್ ಅವರ 1956ರ ಕೃತಿಯನ್ನು ಆಧರಿಸಿ ಫ್ರೆಡ್ ಜಿನ್ನೆಮನ್ ನಿರ್ದೇಶಿಸಿದ 'ದಿ ನನ್ಸ್ ಸ್ಟೋರಿ' (1959) ಚಿತ್ರದ ಪ್ರಶ್ನೆ ಇದೇ.

ಬೆಲ್ಜಿಯಂನ ಸಿಸ್ಟರ್ ಲ್ಯೂಕ್ (ಆಡ್ರಿ ಹೆಪ್‌ಬರ್ನ್) ಕಾಂಗೋದಲ್ಲಿ ರೋಗಿಗಳ ಸೇವೆ ಮಾಡಬೇಕೆಂದು ಉಷ್ಣವಲಯದ ಕಾಯಿಲೆಗಳ ಬಗ್ಗೆ ಓದುತ್ತಾಳೆ. ವಿನಯ ಕಲಿಯಲು ಪರೀಕ್ಷೆಯಲ್ಲಿ ಬೇಕೆಂದೇ ಫೇಲಾಗುವಂತೆ ಮದರ್ ಸುಪೀರಿಯರ್ ಸೂಚಿಸುತ್ತಾಳೆ. ಲ್ಯೂಕ್ ಪಾಸಾಗುತ್ತಾಳೆ. ಅವಳ ಜಾಣ್ಮೆ ರೋಗಿಗೆ ಆಸರೆ, ಕಾನ್ವೆಂಟಿನ ಲೆಕ್ಕದಲ್ಲಿ ಅಹಂಕಾರ. ಗಂಟೆ ಹೊಡೆದರೆ ಆಡುತ್ತಿರುವ ಮಾತನ್ನೂ ಅರ್ಧಕ್ಕೇ ನಿಲ್ಲಿಸಬೇಕು.

ಹಾಗೆಂದು ಚಿತ್ರ ಹಿರಿಯ ಸನ್ಯಾಸಿನಿಯರನ್ನು ಖಳರನ್ನಾಗಿಸುವುದಿಲ್ಲ. ಸೇವೆಯೂ ಸ್ವಪ್ರತಿಷ್ಠೆಯಾಗಬಹುದು ಎಂಬ ಅವರ ಎಚ್ಚರಿಕೆಯಲ್ಲಿ ಹುರುಳಿದೆ. ಆದರೆ ಮನೆ, ಮದುವೆ ಎಲ್ಲ ಬಿಟ್ಟು ಬಂದವಳಿಗೆ ತನ್ನ ವಿವೇಚನೆಯನ್ನು ಬಿಡಲಾಗುವುದಿಲ್ಲ. ಯುದ್ಧದಲ್ಲಿ ತಂದೆಯನ್ನು ಕೊಂದವರನ್ನು ಕ್ಷಮಿಸಲೂ ಆಗುವುದಿಲ್ಲ. ಕೊನೆಗೆ ಅವಳು ಕಾನ್ವೆಂಟಿನ ಬಾಗಿಲು ದಾಟಿ ಹೊರನಡೆಯುವಾಗ ಹಿನ್ನೆಲೆ ಸಂಗೀತವಿಲ್ಲ. ಅದು ಗೆಲುವೋ ಸೋಲೋ ಎಂದು ನಿರ್ದೇಶಕ ಹೇಳಿಕೊಡುವುದಿಲ್ಲ.

ಸನ್ಯಾಸಿನಿಯರನ್ನು 'ತ್ಯಾಗಮೂರ್ತಿ' ಎಂದು ಹೊಗಳಿ ಸುಮ್ಮನಾಗುವುದು ಸುಲಭ. ಅವರು ಬಿಟ್ಟುಕೊಟ್ಟದ್ದು ನಿಖರವಾಗಿ ಏನನ್ನು ಎಂದು ಕೇಳುವುದೇ ನಿಜವಾದ ಗೌರವ. ಈ ಚಿತ್ರ ಅದನ್ನು ಕೇಳುತ್ತದೆ.