ಅಂಕಿತ ತಪ್ಪಿದ ವಚನ

ಹುಮನಾಬಾದಿನಲ್ಲಿರುವ ನನ್ನ ದೊಡ್ಡಪ್ಪನವರ ಮನೆಮಾತು ಕನ್ನಡ. ಆದರೆ ಅವರಿಗೆ ಕನ್ನಡ ಓದಲು ಬಾರದು. ದಕ್ಷಿಣದ ಓದುಗರಿಗೆ ಇದು ಆಶ್ಚರ್ಯವೆನಿಸೀತು. ನಿಜಾಮರ ಆಳ್ವಿಕೆಯಲ್ಲಿ ಬೀದರ ಜಿಲ್ಲೆಯ ಶಾಲೆಗಳಿಗೆ ಹೋದ ಎಷ್ಟೋ ಹುಡುಗರು ಕಲಿತದ್ದು ಉರ್ದುವನ್ನು. 1948ರಲ್ಲಿ ಆ ಆಳ್ವಿಕೆ ಕೊನೆಗೊಂಡು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ದೊಡ್ಡಪ್ಪ ಶಾಲೆ ಬಿಟ್ಟು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು, ಉರ್ದುವಿನಲ್ಲಿ. ಶರಣರ ಕಲ್ಯಾಣದ ನೆರೆಯಲ್ಲೇ ಬಾಳಿದ ಇವರಿಗೆ ವಚನ ದೊರೆಯುವುದು ಕಿವಿಯಿಂದ ಮಾತ್ರ. ಆದುದರಿಂದ ವಾಚನದ ಸಿ.ಡಿ.ಗಳನ್ನು ಫೈಲುಗಳಾಗಿ ಮಾರ್ಪಡಿಸುವ ಕೆಲಸವನ್ನು ಯಂತ್ರಪ್ರಿಯರ ಹವ್ಯಾಸವೆಂದು ನಾನು ತಳ್ಳಿಹಾಕಲಾರೆ. ಅದೂ ಒಂದು ಬಗೆಯ ಗ್ರಂಥಸಂಪಾದನೆಯೇ. ಹಾಗೆಂದೇ ಅದನ್ನು ಪರೀಕ್ಷಿಸಬೇಕು.

ಈಚೆಗೆ ಬಸವಕಲ್ಯಾಣದ ಪರಿಚಿತರೊಬ್ಬರು ಹನ್ನೆರಡು ಸಿ.ಡಿ.ಗಳ ಒಂದು ವಚನವಾಚನ ಮಾಲೆಯನ್ನು ಪೆನ್ ಡ್ರೈವಿಗೆ ಇಳಿಸಿ ಕೊಟ್ಟರು. ವಾಚಕರ ಕಂಠ ಗಂಭೀರವಾದುದು; ನಾಟಕೀಯತೆಯಿಲ್ಲ, ಅವಸರವಿಲ್ಲ. ಅದನ್ನು ಒಯ್ದು ದೊಡ್ಡಪ್ಪನ ಪುಟ್ಟ ಸ್ಪೀಕರಿಗೆ ಹಾಕಿ ಬಂದೆ. ಎರಡನೆಯ ದಿನವೇ ಅವರ ಫೋನು: “ತಮ್ಮಾ, ಇದು ಯಾರ ವಚನ ಅದ? ಬಸವಣ್ಣಂದು ಅಂತ ಕೇಳ್ಕೋತ ಕುಂತಿದ್ದೆ, ಕೊನಿಗಿ ಗುಹೇಶ್ವರ ಅಂದ್ರಲ್ಲ!”

ಹುಡುಕಿದಾಗ ಕಾರಣ ತಿಳಿಯಿತು. ಒಂದು ಸಿ.ಡಿ.ಯಲ್ಲಿ ಹೆಚ್ಚೆಂದರೆ 99 ತುಂಡುಗಳಿಗೆ ಎಡೆಯುಂಟು. ಈ ಮಾಲೆಯವರು ಒಂದೊಂದು ತುಂಡಿನಲ್ಲಿ ಹಲವು ವಚನಗಳನ್ನು ಸೇರಿಸಿದ್ದರು. ಇವನ್ನು ಬಿಡಿಬಿಡಿಯಾಗಿಸಲೆಂದು ನಮ್ಮ ಪರಿಚಿತರು, ಮೌನ ಬಂದಲ್ಲಿ ಕತ್ತರಿಸುವಂತೆ ಕಂಪ್ಯೂಟರಿಗೆ ಅಪ್ಪಣೆ ಕೊಟ್ಟಿದ್ದಾರೆ. ಆದರೆ ಒಳ್ಳೆಯ ವಾಚಕ ದೀರ್ಘವಾಗಿ ನಿಲ್ಲುವುದು ಎಲ್ಲಿ? ಅಂಕಿತದ ಮುನ್ನ. ಆ ನಿಲುಗಡೆಯಲ್ಲಿಯೇ ಮಾತು ಲೋಕದ ಕಡೆಯಿಂದ ದೇವರ ಕಡೆಗೆ ಹೊರಳುತ್ತದೆ. ಕಂಪ್ಯೂಟರು ಅದನ್ನೇ ಮುಕ್ತಾಯವೆಂದು ಬಗೆದು ಕತ್ತರಿಸಿತು. ಅಂಕಿತ ಮುಂದಿನ ಫೈಲಿನ ತಲೆಗೆ ಹೋಯಿತು. ಸಾಲದ್ದಕ್ಕೆ ಫೈಲುಗಳಿಗೆ 1, 2, 3 ಎಂದು ಹೆಸರಿಟ್ಟಿದ್ದರಿಂದ, ಅಂಕೆಯನ್ನು ಅಕ್ಷರದಂತೆ ಎಣಿಸುವ ಆ ಸ್ಪೀಕರು 1 ಆದಮೇಲೆ 10, 11 ಎಂದು ಓಡಿ ಆಮೇಲೆ 2ಕ್ಕೆ ಬರುತ್ತಿತ್ತು. ಹೀಗೆ ಬಸವಣ್ಣನವರ ವಚನದ ಬಾಲಕ್ಕೆ ಅಲ್ಲಮನ ಅಂಕಿತ ಅಂಟಿತು. ಕಟ್ಟು ಬಿಚ್ಚಿದ ಓಲೆಗರಿಗಳನ್ನು ತಿರುವುಮುರುವಾಗಿ ಪೋಣಿಸಿದಾಗ ಆಗುವ ಪ್ರಮಾದವೇ ಇದು. ಆದರೆ ಓಲೆಯ ಸಂಪಾದಕನಿಗೆ ಕಣ್ಣಿನ ಸಹಾಯವಿತ್ತು, ದೊಡ್ಡಪ್ಪನಿಗೆ ಅದಿಲ್ಲ.

ಹಾಗಾದರೆ ಅಂಕಿತ ಬಂದಲ್ಲಿ ಕತ್ತರಿಸಿದರಾಯಿತಲ್ಲ ಎನ್ನಬಹುದು. ಅದೂ ಸಲ್ಲದು. ಅಂಕಿತದ ಆಚೆಗೂ ಒಂದು ಮಾತು ಮುಂದುವರಿಯುವ ವಚನಗಳುಂಟು. ಅಂಬಿಗರ ಚೌಡಯ್ಯನಿಗೋ ತನ್ನ ಹೆಸರೇ ಅಂಕಿತ. ಕೇಳಿ, ಅರ್ಥವಾದಮೇಲೆಯೇ ಕತ್ತರಿಯಾಡಿಸಬೇಕು, ಇದಕ್ಕೆ ಅಡ್ಡದಾರಿಯಿಲ್ಲ.

ಬಿಡಿ ವಚನಗಳ ಕ್ರಮ ತಪ್ಪಿದರೆ ಅಂಥ ನಷ್ಟವಿಲ್ಲ, ಅವು ಮುಕ್ತಕಗಳು ಎಂಬ ವಾದವನ್ನು ನಾನು ಅರ್ಧ ಒಪ್ಪುತ್ತೇನೆ. ಆದರೆ ಈ ಮಾಲೆಯ ಕೊನೆಯ ಮೂರು ಸಿ.ಡಿ.ಗಳು ಶೂನ್ಯಸಂಪಾದನೆಯಿಂದ ಆಯ್ದ ಭಾಗಗಳು. ಬಿಡಿ ವಚನಗಳನ್ನು ಪ್ರಶ್ನೆ-ಉತ್ತರಗಳಾಗಿ ಜೋಡಿಸಿ ಸಂವಾದದ ಸೌಧ ಕಟ್ಟಿದವರು ಆ ಕೃತಿಯ ಸಂಪಾದಕರು; ಶಿವಗಣಪ್ರಸಾದಿ ಮಹಾದೇವಯ್ಯ ಮೊದಲಾಗಿ ನಾಲ್ವರು ಅದನ್ನು ನಾಲ್ಕು ಸಲ ಸಂಪಾದಿಸಿದರು. ಅವರ ಪ್ರತಿಭೆಯೆಲ್ಲ ಕ್ರಮದಲ್ಲಿದೆ. ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮ ಪರೀಕ್ಷಿಸುವ ಪ್ರಸಂಗದಲ್ಲಿ ಅಕ್ಕನ ಉತ್ತರವೇ ಮೊದಲು ಕೇಳಿಬಂದು, ಪ್ರಶ್ನೆ ಹತ್ತು ನಿಮಿಷದ ಮೇಲೆ ಬಂದರೆ ಉಳಿಯುವುದೇನು?

ಹಾಡಿದ ವಚನಕ್ಕೆ ಈ ಅಪಾಯ ಕಡಮೆ. ಮಲ್ಲಿಕಾರ್ಜುನ ಮನ್ಸೂರರಂಥವರು ಹಾಡುವಾಗ ಸಾಲು ಮರಳಿ ಮರಳಿ ಬರುತ್ತದೆ, ತಪ್ಪಿದ್ದು ಮತ್ತೆ ಸಿಕ್ಕುತ್ತದೆ. ಓದಿದ ವಚನಕ್ಕೆ ಒಂದೇ ಅವಕಾಶ. ಆದರೂ ಅರ್ಥಕ್ಕಾಗಿ ಕೇಳುವವನಿಗೆ ವಾಚನವೇ ಮೇಲು ಎಂದು ನನ್ನ ಮತ. ರಾಗದ ಸೊಗಸಿನಲ್ಲಿ ಬೈಗುಳವೂ ಲಾಲಿಯಾಗಿಬಿಡುತ್ತದೆ.

ನಾನು ಮೂಲ ಸಿ.ಡಿ.ಗಳನ್ನು ತರಿಸಿಕೊಂಡು ಕೆಲಸವನ್ನು ಮೊದಲಿನಿಂದ ಮಾಡಿದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಬಾಯಿಯೇ ಇಲ್ಲದ ಕಾರಣ ಹೊರಗಿನಿಂದ ಜೋಡಿಸುವ ಡ್ರೈವೊಂದನ್ನು ಕೊಳ್ಳಬೇಕಾಯಿತು. ಸಿ.ಡಿ.ಯಲ್ಲಿ ಒಂದು ಗಂಟೆಯ ಧ್ವನಿಗೆ 600 ಎಂ.ಬಿ.ಗೂ ಮಿಕ್ಕಿ ಜಾಗ ಬೇಕು. 64 ಕಿಲೊಬಿಟ್ಟಿನ ಎಂಪಿ3ಗೆ ಇಳಿಸಿದರೆ ಸುಮಾರು 29 ಸಾಕು. ಸಂಗೀತಕ್ಕೆ ಅದು ಬಡತನ, ಒಂಟಿ ಕಂಠದ ವಾಚನಕ್ಕೆ ಏನೂ ಕೊರತೆಯಿಲ್ಲ. ಕತ್ತರಿಸುವುದನ್ನು ಕಿವಿಯಿಂದಲೇ ಮಾಡಿದೆ. ಎರಡು ರಜೆಗಳು ಅದಕ್ಕೇ ಹೋದವು. ಹೆಸರಿಡಲು ಮಾತ್ರ ಸಿದ್ಧ ಆಧಾರವಿತ್ತು: ರಾಜ್ಯ ಸರಕಾರ ಪ್ರಕಟಿಸಿದ 15 ಸಂಪುಟಗಳ ಸಮಗ್ರ ವಚನ ಮಾಲೆಯಲ್ಲಿ ಮೊದಲನೆಯದು ಬಸವಣ್ಣನವರದು, ಎರಡನೆಯದು ಅಲ್ಲಮನದು, ವಚನಕ್ಕೊಂದು ಕ್ರಮಸಂಖ್ಯೆಯೂ ಉಂಟು. ಸಂಪುಟದ ಅಂಕೆ, ವಚನದ ಅಂಕೆಗಳನ್ನು ಫೈಲಿನ ಹೆಸರಿನಲ್ಲಿ ಸೇರಿಸಿ, ಮುಂದೆ 001ರಂತೆ ಮೂರಂಕಿಯ ಅನುಕ್ರಮವನ್ನು ಹಾಕಿದೆ. ಕೆಲವು ಅಗ್ಗದ ಸ್ಪೀಕರುಗಳು ಹೆಸರನ್ನು ನೋಡುವುದೇ ಇಲ್ಲ, ನಕಲು ಮಾಡಿದ ಸರದಿಯಲ್ಲಿ ನುಡಿಸುತ್ತವೆ. ಅದಕ್ಕೆಂದು ಪೆನ್ ಡ್ರೈವಿಗೆ ಒಂದೊಂದನ್ನೇ ಸಾಲಾಗಿ ತುಂಬಿದೆ.

ದೊಡ್ಡಪ್ಪ ಈಗ ಪ್ರಶ್ನೆ ಕೇಳುವುದು ಬೇರೆ. “ಓದ್ತಾರಲ್ಲ, ಇವರು ಯಾರು?” ಎನ್ನುತ್ತಾರೆ. ಸಿ.ಡಿ.ಯ ಧ್ವನಿಯಲ್ಲಿ ಎಲ್ಲಿಯೂ ವಾಚಕರ ಹೆಸರನ್ನು ಹೇಳಿಲ್ಲ. ಅದು ಹೊದಿಕೆಯ ಮೇಲೆ ಮಾತ್ರ ಅಚ್ಚಾಗಿದ್ದಿರಬೇಕು. ಹೊದಿಕೆಗಳು ಎಂದೋ ಕಳೆದುಹೋಗಿವೆ. ನನ್ನ ಪಟ್ಟಿಯಲ್ಲಿ ಆ ಜಾಗ ಇನ್ನೂ ಖಾಲಿಯಾಗಿದೆ.